ಹನ್ನೊಂದು ಬಂದೂಕುಗಳ ತುಕ್ಕು

೬ ಅಕ್ಟೋಬರ್ ೨೦೨೫, ಸೋಮವಾರ

ದುಬೈಯ ಅಲ್ ಕೂಜ್‌ನ ನಮ್ಮ ಗೋದಾಮಿನಲ್ಲಿ ಪ್ರದರ್ಶನಕ್ಕೆಂದು ಇಟ್ಟಿರುವ ನಲವತ್ತೆರಡು ಹಳೆಯ ಬಂದೂಕುಗಳ ಪೈಕಿ ಹನ್ನೊಂದರ ನಳಿಕೆಗೆ ತುಕ್ಕು ಹಿಡಿದಿದೆ. ಬೆಳಿಗ್ಗೆ ಒಂಬತ್ತೂಕಾಲಿಗೆ ಇದನ್ನು ಕಂಡು ವರದಿ ಮಾಡಿದವರು ಮಾರ್ಟಿನಾ. ಮಂಗಳೂರಿನವರು. ಹಳೆಯ ಲೋಹದ ವಸ್ತುಗಳು ಕೆಡದಂತೆ ನೋಡಿಕೊಳ್ಳುವುದು ಅವರ ಕೆಲಸ. ಈ ಹನ್ನೊಂದನ್ನು ಅವರು ಹೋದ ವಾರ ಫೋಟೊ ತೆಗೆಯಲೆಂದು ಎಣ್ಣೆ ತೆಗೆದು ಒರೆಸಿಟ್ಟು, ಎರಡು ದಿನ ಅಬುಧಾಬಿಯ ಪ್ರದರ್ಶನದ ಹಾಲ್‌ಗೆ ಹೋಗಿದ್ದರು. ಮೇಣ ಹಚ್ಚುವುದು ಬಾಕಿಯಿತ್ತು. ಬರಿಯ ಕಬ್ಬಿಣಕ್ಕೆ ಇಲ್ಲಿಯ ಗಾಳಿಯಲ್ಲಿ ಒಂದು ರಾತ್ರಿ ಸಾಕು.

ಆ ರಾತ್ರಿ ಯಾವುದೆಂದು ತೇವ ಅಳೆಯುವ ಮೀಟರಿನ ಗೆರೆ ತೋರಿಸುತ್ತದೆ. ಅಕ್ಟೋಬರ್ ಒಂದು, ಬುಧವಾರ ಸಂಜೆ ಆರರಿಂದ ಗುರುವಾರ ಬೆಳಿಗ್ಗೆ ಎಂಟರವರೆಗೆ ಗೆರೆ ನಲವತ್ತೈದರಿಂದ ಎಪ್ಪತ್ತೊಂದಕ್ಕೆ ಏರಿ ಅಲ್ಲಿಯೇ ನಿಂತಿದೆ. ಬುಧವಾರ ಆಯುಧಪೂಜೆ. ಸ್ಟೋರ್‌ಕೀಪರ್ ಗುಣಪಾಲ ತೇವ ಹೀರುವ ಯಂತ್ರವನ್ನು ಆರಿಸಿ, ಒರೆಸಿ, ಕುಂಕುಮ ಇಟ್ಟು, ಕೈಮುಗಿದು ಮನೆಗೆ ಹೋಗಿದ್ದಾನೆ.

ಹಾಗೆ ಮಾಡಲು ಹೇಳಿದವನು ನಾನು. ಇದನ್ನು ಸ್ಪಷ್ಟವಾಗಿ ಬರೆದಿಡುತ್ತೇನೆ. ದಾಖಲೆಗಳ ಅಧಿಕಾರಿ ನಾನು, ಗುಣಪಾಲ ನನ್ನ ಕೈಕೆಳಗಿನವನು. ಅಂದು ಬೆಳಿಗ್ಗೆ ಅವನೇ ಕೇಳಿದ್ದ:

"ಸರ್, ಇಷ್ಟು ಬಂದೂಕು ಉಂಟು. ಪೂಜೆ ಬೇಡ್ವಾ?"

"ಬಂದೂಕು ಮುಟ್ಟಬೇಡ ಮಾರಾಯ, ಮಾರ್ಟಿನಾ ನಮ್ಮಿಬ್ಬರನ್ನೂ ಅದರಲ್ಲೇ ಸುಡ್ತಾರೆ. ಯಂತ್ರಕ್ಕೆ ಮಾಡು."

"ಓಡ್ತಾ ಇರುವ ಯಂತ್ರಕ್ಕೆ ಪೂಜೆ ಹೇಗೆ ಸರ್ ಮಾಡುದು?"

"ಆರಿಸು. ಒಂದು ರಾತ್ರಿ ವಿರಾಮ ಕೊಡು. ನಮ್ಮ ಪೇಪರಲ್ಲಿ ಆಯುಧಪೂಜೆ ದಿನ ಮುದ್ರಣಯಂತ್ರವನ್ನೇ ನಿಲ್ಲಿಸ್ತಿದ್ವಿ. ಮರುದಿನ ಪೇಪರೇ ಬರ್ತಿರಲಿಲ್ಲ. ಯಾರೂ ಸತ್ತಿಲ್ಲ."

ಕುಂಕುಮದ ಡಬ್ಬಿಯನ್ನೂ ನಾನೇ ಮಧ್ಯಾಹ್ನ ಮನೆಯಿಂದ ತಂದು ಕೊಟ್ಟು ಐದು ಗಂಟೆಗೆ ಹೊರಟೆ. ಮೈಸೂರಿನಲ್ಲಿ ಹತ್ತೊಂಬತ್ತು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೂತವನು, ಎಣ್ಣೆ ತೆಗೆದ ಕಬ್ಬಿಣದ ವಿಷಯ ಯೋಚಿಸಲಿಲ್ಲ. ತಪ್ಪು ನನ್ನದು.

ನಾಳೆ ಮಸೂದ್‌ಗೆ ಹೇಳಬೇಕು. ಅವರು ನಮ್ಮ ಆಪರೇಷನ್ಸ್ ಮ್ಯಾನೇಜರ್.

೭ ಅಕ್ಟೋಬರ್, ಮಂಗಳವಾರ

ಮಸೂದ್ ಅಬುಧಾಬಿಯಲ್ಲಿದ್ದರು. ಫೋನಿನಲ್ಲಿ ಹೇಳುವ ವಿಷಯವಲ್ಲ.

ಪ್ರದರ್ಶನದ ಮೂರನೇ ಫಲಕದ ಕರಡು ಮುಗಿಸಿದೆ. ಊರಿನ ಗಂಡಸರೇ ಸೇರಿ ಕಟ್ಟಿಕೊಂಡ ಪಡೆಗಳ ಬಗ್ಗೆ ಈ ಪ್ರದರ್ಶನ. ಅಮೆರಿಕದಲ್ಲಿ ೧೭೯೨ರ ಕಾಯ್ದೆಯ ಪ್ರಕಾರ ಪಡೆಯ ಪ್ರತಿಯೊಬ್ಬನೂ ತನ್ನ ಬಂದೂಕನ್ನು ತಾನೇ ತರಬೇಕಿತ್ತು. ಕೊಳ್ಳಲಾಗದವರು ಬಹಳ ಜನ. ಹಾಗಾಗಿ ಸರಕಾರ ಕೊಂಡ ಬಂದೂಕುಗಳನ್ನು ಹಂಚುವ ಕಾನೂನುಗಳು ಬಂದವು. ಬಂದೂಕಿಗೆ ಗುರುತು ಒತ್ತಬೇಕು, ಪುಸ್ತಕದಲ್ಲಿ ಪಡೆದವನ ಹೆಸರು ಇರಬೇಕು, ಅವನು ಮಾರಬಾರದು, ಅಡವಿಡಬಾರದು, ಕವಾಯತಿನ ದಿನ ತಂದು ತೋರಿಸಬೇಕು. ನನ್ನ ಮೇಜಿನ ಮೇಲಿರುವ ಕಾನೂನಿನ ಪ್ರತಿಯ ಪ್ರಕಾರ, ತುಕ್ಕು ಕಂಡರೆ ದಂಡ ಬಂದೂಕು ಪಡೆದವನಿಗೆ. ಸೋರುವ ಕೊಟ್ಟಿಗೆಯಲ್ಲಿ ಆರು ತಿಂಗಳು ಇಟ್ಟು, ಆಮೇಲೆ ಹಂಚಿದ ಅಧಿಕಾರಿಗೆ ಏನೆಂದು ಹುಡುಕಿದೆ. ಏನೂ ಇಲ್ಲ. ಫಲಕದ ಕೊನೆಯ ಸಾಲು ಹೀಗೆ ಬರೆದೆ: "ಬಂದೂಕು ಪಡೆದ ಬಡವನಿಗೆ ಕಾನೂನು ಹನ್ನೆರಡು ಕರ್ತವ್ಯ ಹೇಳಿತು. ಕೊಟ್ಟವನಿಗೆ ಒಂದನ್ನೂ ಹೇಳಲಿಲ್ಲ." ಬರೆದು ಎದ್ದು ಟೀ ಕುಡಿದೆ. ಬಹಳ ದಿನಗಳ ಮೇಲೆ ಒಂದು ಒಳ್ಳೆಯ ಸಾಲು.

ಗುಣಪಾಲ ಮಧ್ಯಾಹ್ನ ಬಂದು ನಿಂತ. ಊರು ಮೂಡುಬಿದಿರೆ. ಮದುವೆಯಾಗಿ ಒಂಬತ್ತು ವರ್ಷ. ಹೆಂಡತಿ ಜಲಜಾಕ್ಷಿಯನ್ನು ಆಗಸ್ಟ್‌ನಲ್ಲಷ್ಟೇ ತನ್ನ ವೀಸಾದ ಮೇಲೆ ಕರೆಸಿಕೊಂಡಿದ್ದಾನೆ. ಡಿಸ್ಕವರಿ ಗಾರ್ಡನ್ಸ್‌ನಲ್ಲಿ ನಮ್ಮ ಮನೆಯ ಹಿಂಬದಿಯ ಕಟ್ಟಡದಲ್ಲಿ ಒಂದು ಕೋಣೆ. ಒಂಬತ್ತು ವರ್ಷದಲ್ಲಿ ಇಬ್ಬರೂ ಒಂದೇ ಸೂರಿನಡಿ ಇರುವುದು ಇದೇ ಮೊದಲು ಎಂದು ಅವನೇ ನಾಚಿಕೊಂಡು ಹೇಳಿದ್ದ.

"ಸರ್, ದೊಡ್ಡದಾಗ್ತದಾ ಇದು?"

"ನಾನಿದ್ದೀನಿ" ಎಂದೆ.

"ಹಾಗಾದ್ರೆ ಎಂಥ ಚಿಂತೆ ಇಲ್ಲ" ಎಂದು ಹೋದ.

೯ ಅಕ್ಟೋಬರ್, ಗುರುವಾರ

ಮಸೂದ್ ಸಭೆ ಕರೆದರು. ಬಂದೂಕುಗಳನ್ನು ಎರವಲು ಕೊಟ್ಟಿರುವ ಅಬುಧಾಬಿಯ ಸಂಸ್ಥೆಗೆ ಹತ್ತು ದಿನದೊಳಗೆ ವಿವರಣೆ ಹೋಗಬೇಕು. ಮೇಜಿನ ಒಂದು ಕಡೆ ಮಾರ್ಟಿನಾ, ಒಂದು ಕಡೆ ನಾನು. ಗುಣಪಾಲ ಬಾಗಿಲ ಹತ್ತಿರ ನಿಂತಿದ್ದ.

ಮಸೂದ್ ಹಿಂದಿಯಲ್ಲಿ ಕೇಳಿದರು: "ಯಂತ್ರ ಆರಿಸಿದ್ದು ಯಾರು?"

"ನಾನು ಸರ್" ಎಂದ ಗುಣಪಾಲ.

"ಯಾಕೆ?"

"ಪೂಜೆ ಸರ್. ನಮ್ಮಲ್ಲಿ ಆ ದಿವಸ ಯಂತ್ರಕ್ಕೆ ರಜೆ."

"ಇಲ್ಲಿ ಯಂತ್ರಕ್ಕೆ ರಜೆ ಮಾಫಿ, ರಜೆ ಇಲ್ಲ" ಎಂದರು ಮಸೂದ್. "ಮನುಷ್ಯರಿಗೇ ಸರಿಯಾಗಿ ರಜೆ ಇಲ್ಲ, ಯಂತ್ರ ಕೇಳಿತಾ?"

ಯಾರೂ ನಗಲಿಲ್ಲ. ಗುಣಪಾಲ ನನ್ನ ಕಡೆ ನೋಡಿದ. ಯಾರು ಹೇಳಿದರು ಎಂದು ಮಸೂದ್ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಕೇಳದ ಪ್ರಶ್ನೆಗೆ ಎಲ್ಲರ ಮುಂದೆ ಉತ್ತರ ಕೊಟ್ಟರೆ ಸಭೆ ದಾರಿ ತಪ್ಪುತ್ತದೆ. ಅವರೊಬ್ಬರೇ ಇದ್ದಾಗ ಹೇಳುವುದು ಉತ್ತಮ.

ಸಂಜೆ ಕಾರಿನ ಹತ್ತಿರ ಗುಣಪಾಲ ಒಂದು ಪ್ಲಾಸ್ಟಿಕ್ ಚೀಲ ಕೊಟ್ಟ. ಒಳಗೆ ನಮ್ಮ ಮನೆಯ ಕುಂಕುಮದ ಡಬ್ಬಿ, ತೊಳೆದು ಒರೆಸಿದ್ದು.

"ಸ್ಟೋರಲ್ಲಿ ಇದ್ದಿತ್ತು ಸರ್. ಯಾರಾದ್ರೂ ನೋಡಿದ್ರೆ ನಿಮಗೆ ಯಾಕೆ ಸುಮ್ಮನೆ."

ಒಳ್ಳೆಯದಾಯಿತು. ನನ್ನ ಹೆಂಡತಿ ಪ್ರಫುಲ್ಲಾ ಎರಡು ದಿನದಿಂದ ಅದನ್ನು ಹುಡುಕುತ್ತಿದ್ದಳು.

೧೩ ಅಕ್ಟೋಬರ್, ಸೋಮವಾರ

ಹನ್ನೊಂದರಲ್ಲಿ ಎಂಟರ ತುಕ್ಕು ಪೂರ್ತಿ ಹೋಗಿದೆ. ಮೂರರ ಮೇಲೆ ಕಲೆ ಉಳಿಯುತ್ತದೆ. ಇದು ಮಾರ್ಟಿನಾ ಕೊಟ್ಟ ಮಾಹಿತಿ.

ಅವರ ಮೇಜಿನ ಬಳಿ ಹೋಗಿದ್ದೆ. ಸಣ್ಣ ಹತ್ತಿಯ ಉಂಡೆಯಿಂದ ನಳಿಕೆ ಉಜ್ಜುತ್ತ, ತಲೆ ಎತ್ತದೆ ಮಾತಾಡಿದರು.

"ಯಂತ್ರದ ಮೇಲೆ ಕುಂಕುಮ ಇತ್ತಲ್ಲ, ದ್ವಾರಕನಾಥ್. ಒಳ್ಳೆ ಜಾತಿಯ ಕುಂಕುಮ. ಅರಿಶಿಣದಲ್ಲಿ ಮಾಡಿದ್ದು. ಇಲ್ಲಿ ಅಂಗಡಿಯಲ್ಲಿ ಸಿಗುವ ಬಣ್ಣ ಅಲ್ಲ ಅದು."

"ಇರಬಹುದು" ಎಂದೆ.

"ಗುಣಪಾಲನ ಹತ್ರ ಅಂಥದ್ದು ಎಲ್ಲಿಂದ ಬಂತು ಅಂತ ನಾನು ಕೇಳುದಿಲ್ಲ. ಕೇಳಿದ್ರೆ ಉತ್ತರ ಬರೀಬೇಕಾಗ್ತದೆ. ಅದನ್ನು ಬರೀಬೇಕಾದವರು ಬೇರೆ ಇದ್ದಾರೆ."

ಮಾರ್ಟಿನಾಗೆ ಮೊದಲಿನಿಂದಲೂ ಒಗಟಿನಲ್ಲಿ ಮಾತಾಡುವ ಚಟ. ಕೆಲಸದಲ್ಲಿ ಮಾತ್ರ ಗಟ್ಟಿ.

೧೪ ಅಕ್ಟೋಬರ್, ಮಂಗಳವಾರ

ಇವತ್ತು ಮಸೂದ್ ಒಬ್ಬರೇ ಇದ್ದರು. ಬಾಗಿಲು ಮುಚ್ಚಿ ಕೂರಿಸಿಕೊಂಡರು. ಅವರು ಹೇಳಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

"ದ್ವಾರಕ್ ಭಾಯ್, ಎರಡು ದಾರಿ ಇದೆ. ಸ್ಟೋರ್‌ಕೀಪರ್ ತಾನಾಗಿಯೇ ಯಂತ್ರ ಆರಿಸಿದ ಅಂದ್ರೆ ಅದು ಅವನ ದುರ್ನಡತೆ. ಅವನನ್ನು ಕಳಿಸಬೇಕು, ಖಲಾಸ್. ಮೇಲಿನವರು ಯಾರೋ ಒಪ್ಪಿಗೆ ಕೊಟ್ಟಿದ್ದರು ಅಂದ್ರೆ ಅದು ಪದ್ಧತಿಯ ತಪ್ಪು. ಇಬ್ಬರಿಗೂ ವಾರ್ನಿಂಗ್ ಲೆಟರ್. ಯಾರ ಕೆಲಸವೂ ಹೋಗಲ್ಲ. ವರದಿ ನೀವು ಬರೀತೀರಿ. ಗುರುವಾರ ಕೊಡಿ."

ನನ್ನನ್ನೇ ನೋಡುತ್ತಿದ್ದರು. ಆಮೇಲೆ ಕಡತ ತೆಗೆದು, ನನ್ನ ಎರಡು ವರ್ಷದ ಗುತ್ತಿಗೆ ಮೂವತ್ತೊಂದಕ್ಕೆ ಮುಗಿಯುತ್ತದೆ, ನವೀಕರಣದ ಕಾಗದ ತಮ್ಮ ಮೇಜಿನ ಮೇಲೇ ಇದೆ ಎಂದರು. ಬೆದರಿಕೆಯ ದನಿ ಇರಲಿಲ್ಲ. ಎರಡೂ ಸಂಗತಿಗಳು ನಿಜ, ಒಂದರ ಹಿಂದೆ ಒಂದು ಬಂದವು, ಅಷ್ಟೆ. ಆದರೆ ಹೆಸರಿಗೆ ವಾರ್ನಿಂಗ್ ಲೆಟರ್ ಇರುವವನ ಗುತ್ತಿಗೆ ಈ ಕಂಪನಿಯಲ್ಲಿ ನವೀಕರಣವಾದದ್ದನ್ನು ನಾನು ಕಂಡಿಲ್ಲ. ಆಗಿದ್ದರೂ ಇರಬಹುದು.

ಊಟಕ್ಕೆ ಕೂತಾಗ ಮನೆಯಲ್ಲಿ ಹೇಳಿದೆ. ಗುಣಪಾಲ ಪೂಜೆಗೆಂದು ಯಂತ್ರ ಆರಿಸಿದ, ತುಕ್ಕು ಹಿಡಿಯಿತು, ಕೆಲಸ ಹೋಗಬಹುದು ಎಂದು.

ಮಗಳು ನಿಸರ್ಗ ಹನ್ನೆರಡನೇ ತರಗತಿ. ಫೋನಿನಿಂದ ಕಣ್ಣು ತೆಗೆದು ಕೇಳಿದಳು: "ಬಟ್ ಹೂ ಟೋಲ್ಡ್ ಹಿಮ್ ಟು, ಅಪ್ಪಾ?"

"ನೀನು ತಟ್ಟೆ ಎತ್ತು" ಎಂದಳು ಪ್ರಫುಲ್ಲಾ. ಮಗಳು ಒಳಗೆ ಹೋದ ಮೇಲೆ ನನ್ನ ಕಡೆ ತಿರುಗಿ, "ಮಾರ್ಚಲ್ಲಿ ಅವಳ ಪರೀಕ್ಷೆ ರೀ. ಅಲ್ಲೀತನಕ ಈ ಮನೇಲಿ ಏನೂ ಅಲುಗಾಡಬಾರದು" ಎಂದಳು.

ಕುಂಕುಮದ ಡಬ್ಬಿ ಎಲ್ಲಿತ್ತು ಎಂದು ಅವಳು ಕೇಳಿರಲಿಲ್ಲ.

೧೬ ಅಕ್ಟೋಬರ್, ಗುರುವಾರ

ವರದಿ ಕೊಟ್ಟೆ. ಒಂದೂವರೆ ಪುಟ. ಪತ್ರಿಕೆಯಲ್ಲಿ ಕಲಿತದ್ದು ವ್ಯರ್ಥವಾಗಿಲ್ಲ. ಒಂದು ವಿಶೇಷಣವಿಲ್ಲ, ಊಹೆಯಿಲ್ಲ, ಪ್ರತಿ ವಾಕ್ಯಕ್ಕೂ ಆಧಾರವಿದೆ.

"ಅಕ್ಟೋಬರ್ ೧ರಂದು ಸಂಜೆ ೬.೦೫ಕ್ಕೆ ಯಂತ್ರವನ್ನು ಸ್ಟೋರ್‌ಕೀಪರ್ ಆರಿಸಿದ್ದಾರೆ. ಧಾರ್ಮಿಕ ಆಚರಣೆ ಕಾರಣವೆಂದು ಅವರು ಸಭೆಯಲ್ಲಿ ಒಪ್ಪಿಕೊಂಡಿದ್ದಾರೆ. ಲಿಖಿತ ಅನುಮತಿ ಕಡತದಲ್ಲಿ ಲಭ್ಯವಿಲ್ಲ. ಬಂದೂಕುಗಳ ಸ್ವೀಕೃತಿ ಪತ್ರದಲ್ಲಿ ಸದರಿ ನೌಕರರ ಸಹಿ ಇದೆ."

ಲಿಖಿತ ಅನುಮತಿ ಇರಲಿಲ್ಲ ಎಂಬುದು ಸತ್ಯ. ಬಾಯಿಮಾತಿನಲ್ಲಿ ಏನೋ ಪ್ರಸ್ತಾಪ ಬಂದಿರಬಹುದು. ಹಬ್ಬದ ದಿನ ಹತ್ತು ಮಾತು ಬರುತ್ತವೆ. ತಮಾಷೆಯಾಗಿ ಆಡಿದ್ದು ಆದೇಶವಾಗುವುದಿಲ್ಲ.

ಮಸೂದ್ ಎರಡು ಸಲ ಓದಿದರು. "ಇಷ್ಟೇನಾ?" ಎಂದರು.

"ಇಷ್ಟೇ."

"ಸರಿ. ಯಲ್ಲಾ, ನಡೀರಿ" ಎಂದು ಕಡತ ಮುಚ್ಚಿದರು.

೧೭ ಅಕ್ಟೋಬರ್, ಶುಕ್ರವಾರ

ವರದಿ ಅಬುಧಾಬಿಗೆ ಹೋಯಿತು.

೨೦ ಅಕ್ಟೋಬರ್, ಸೋಮವಾರ

ದೀಪಾವಳಿ. ಬೆಳಿಗ್ಗೆ ಏಳೂವರೆಗೆ ಜಲಜಾಕ್ಷಿ ಬಂದಳು. ಒಂದು ಡಬ್ಬಿಯಲ್ಲಿ ಅರಿಶಿಣದೆಲೆಯ ಕಡುಬು. ಎಲೆ ಸಿಗಲು ಮೂರು ಅಂಗಡಿ ತಿರುಗಿದಳಂತೆ. ಪ್ರಫುಲ್ಲಾ ಒಳಗೆ ಕರೆದರೂ ಬಾಗಿಲಲ್ಲೇ ನಿಂತಳು.

"ಅಣ್ಣಾ, ಇವರು ಎಂಥದೂ ಹೇಳುದಿಲ್ಲ. ಕೇಳಿದ್ರೆ 'ಸರ್ ಇದ್ದಾರೆ, ಸರ್ ನೋಡಿಕೊಳ್ತಾರೆ' ಅಂತಾರೆ, ಅಷ್ಟೆ. ನೀವು ಒಂದು ಮಾತು ಹೇಳಿದ್ರೆ ಆಗ್ತದಂತೆ, ಅಲ್ವಾ?"

"ನನ್ನ ಕೈಯಲ್ಲಿ ಏನೂ ಇಲ್ಲಮ್ಮ. ಮ್ಯಾನೇಜರ್ ನಿರ್ಧಾರ."

"ಆದ್ರೂ ಒಂದು ಮಾತು."

"ನೋಡೋಣ."

"ನಾನು ಗ್ಯಾಸ್ ಸಿಲಿಂಡರ್ ತರಿಸುದಾ ಬೇಡ್ವಾ ಅಂತ ಕೇಳ್ಬೇಕಿತ್ತು" ಎಂದು ನಕ್ಕಳು. "ಇವರು ತರಿಸು ಅಂತಾರೆ, ನನಗೆ ಧೈರ್ಯ ಬರುದಿಲ್ಲ. ಒಂದು ಸಿಲಿಂಡರ್ ನಮಗೆ ಎರಡು ತಿಂಗಳು ಬರ್ತದೆ."

ತರಿಸು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಇಂಥ ಪ್ರಶ್ನೆಗಳನ್ನು ಜನ ನನ್ನಲ್ಲಿ ಯಾಕೆ ತರುತ್ತಾರೋ. ಕಡುಬನ್ನು ಪ್ರಫುಲ್ಲಾ ಫ್ರಿಜ್ಜಿನಲ್ಲಿಟ್ಟಳು. ಯಾರೂ ತಿನ್ನಲಿಲ್ಲ.

೨೩ ಅಕ್ಟೋಬರ್, ಗುರುವಾರ

ಸ್ಟೋರ್‌ಕೀಪರನನ್ನು ಕೆಲಸದಿಂದ ತೆಗೆಯಲಾಗಿದೆ. ಆದೇಶವನ್ನು ಮಸೂದ್ ಬೆಳಿಗ್ಗೆ ಹನ್ನೊಂದಕ್ಕೆ ಕೊಟ್ಟರು. ಸಾಕ್ಷಿಯ ಜಾಗದಲ್ಲಿ ನನ್ನ ಸಹಿ ಬೇಕಿತ್ತು, ಹಾಕಿದೆ.

ಅವನು ವರದಿಯ ಪ್ರತಿ ಕೇಳಿದನಂತೆ. ಕೇಳಿದರೆ ಕೊಡಬೇಕೆಂಬ ನಿಯಮವಿದೆ. ಮಧ್ಯಾಹ್ನ ಪ್ಯಾಂಟ್ರಿಯಲ್ಲಿ ನಾನೊಬ್ಬನೇ ಇದ್ದಾಗ ಅದನ್ನು ಹಿಡಿದುಕೊಂಡು ಬಂದ. ಕೂಗಾಡಬಹುದು ಎಂದುಕೊಂಡೆ. ಕೂಗಾಡಲಿಲ್ಲ. ತನಗೊಂದು ಚಹಾ ಮಾಡಿಕೊಂಡು ಎದುರಿಗೆ ಕೂತ.

"ಸರ್, ನಾನು ಎರಡು ಸಲ ಓದಿದೆ. ಒಂದು ಸುಳ್ಳಿಲ್ಲ. ಗಂಟೆ ನಿಮಿಷ ಎಲ್ಲ ಸರಿ ಉಂಟು."

"ಇದ್ದದ್ದನ್ನು ಬರೆದೆ, ಗುಣಪಾಲ."

"ಹೌದು. ನಿಮ್ಮ ಪೇಪರಲ್ಲೂ ಹೀಗೇ ಬರೀತಿದ್ರಾ?"

ನಾನು ಸಕ್ಕರೆ ಡಬ್ಬಿಯ ಮುಚ್ಚಳ ಹಾಕಿದೆ.

"ಆ ದಿವಸ ಮೀಟಿಂಗಲ್ಲಿ ನಾನು ನಿಮ್ಮ ಹೆಸರು ಹೇಳಬಹುದಿತ್ತು. ಹೇಳ್ಲಿಲ್ಲ. ನಾನು ಹೇಳಿದ್ರೆ ಅದು ಚಾಡಿ ಆಗ್ತದೆ ಸರ್. ನೀವು ಹೇಳಿದ್ರೆ ಅದೊಂದು ಮಾತು. ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ಇದ್ದೆ."

"ಈಗ ಹೇಳಿದರೆ ಏನಾಗುತ್ತೆ? ಇಬ್ಬರದೂ ಹೋಗುತ್ತೆ."

"ಆಗ ಹೇಳಿದ್ರೆ ಇಬ್ಬರದೂ ಉಳೀತಿತ್ತಂತೆ. ಮಸೂದ್ ಸಾಬ್ ಇವತ್ತು ಹೇಳಿದ್ರು. ಒಂದೇ ಒಂದು ಲೆಟರ್ ಅಂತೆ, ಇಬ್ಬರಿಗೂ."

ಮಸೂದ್ ಇದನ್ನು ಅವನಿಗೆ ಹೇಳಬೇಕಾದ ಅಗತ್ಯ ಇರಲಿಲ್ಲ. ಆಡಳಿತದಲ್ಲಿರುವವರಿಗೆ ಗುಟ್ಟು ಕಾಯುವುದು ಗೊತ್ತಿರಬೇಕು.

ಅವನು ಚಹಾ ಮುಗಿಸಿ ಕಪ್ ತೊಳೆದು ಬೋರಲು ಹಾಕಿದ. "ಜಲಜಾಗೆ ಹೇಳಬೇಡಿ ಸರ್. ನಿಮ್ಮನ್ನು ದೊಡ್ಡ ಮನುಷ್ಯ ಅಂತ ತಿಳ್ಕೊಂಡಿದ್ದಾಳೆ. ಒಂದು ಮನೆಯಲ್ಲಿ ಇಬ್ಬರು ಮೋಸ ಹೋಗುದು ಬೇಡ."

ಮಾತು ಸ್ವಲ್ಪ ಅತಿಯಾಯಿತು. ಕೆಲಸ ಹೋದ ಬೇಸರದಲ್ಲಿ ಆಡಿದ್ದೆಂದು ನಾನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

೨೭ ಅಕ್ಟೋಬರ್, ಸೋಮವಾರ

ಫಲಕಗಳು ಮುದ್ರಣಕ್ಕೆ ಹೋದವು. ಮೂರನೆಯದರಲ್ಲಿ ಇಪ್ಪತ್ತು ಪದ ಹೆಚ್ಚಾಗಿತ್ತು. ಅರಬ್ಬೀ ಅನುವಾದಕ್ಕೆ ಜಾಗ ಸಾಲದು ಎಂದರು. ಕೊನೆಯ ಸಾಲು ತೆಗೆದೆ. ಅದು ಮಾಹಿತಿಯಲ್ಲ, ಅಭಿಪ್ರಾಯ. ಜೊತೆಗೆ ಆ ಕಾಲದ ಅಧಿಕಾರಿಗಳ ತೊಂದರೆಯನ್ನೂ ನೋಡಬೇಕು. ನೂರಾರು ಬಂದೂಕು, ಹತ್ತಾರು ಊರು. ಪಡೆದವನ ಹೆಸರು ಪುಸ್ತಕದಲ್ಲಿ ಇರದಿದ್ದರೆ ಸಾರ್ವಜನಿಕ ಸ್ವತ್ತನ್ನು ಕಾಯುವುದು ಹೇಗೆ? ಈಗ ಫಲಕ "ಪ್ರತಿ ಬಂದೂಕಿಗೂ ಒಬ್ಬ ಹೊಣೆಗಾರನಿದ್ದ" ಎಂದು ಮುಗಿಯುತ್ತದೆ. ಚೊಕ್ಕವಾಗಿದೆ.

ಮಾರ್ಟಿನಾ ಕರಡು ನೋಡಿ, "ಮೊದಲಿನದ್ದು ಚೆನ್ನಾಗಿತ್ತು" ಎಂದರು. ಈಗ ನನ್ನೊಡನೆ ಅವರು ಇಂಗ್ಲಿಷಿನಲ್ಲೇ ಹೆಚ್ಚು ಮಾತಾಡುತ್ತಾರೆ. ಈ ಒಂದು ವಾಕ್ಯ ಮಾತ್ರ ಕನ್ನಡದಲ್ಲಿತ್ತು.

ಗುತ್ತಿಗೆ ನವೀಕರಣವಾಗಿದೆ. ಎರಡು ವರ್ಷ. ಪ್ರಫುಲ್ಲಾ ಪಾಯಸ ಮಾಡಿದಳು. ಬೀಗುವಂಥದ್ದೇನಿಲ್ಲ. ಆಗಬೇಕಾದದ್ದು ಆಯಿತು.

೩೦ ಅಕ್ಟೋಬರ್, ಗುರುವಾರ

ಗಂಡ ಹೆಂಡತಿ ಇಬ್ಬರ ವೀಸಾ ರದ್ದತಿ ಇಂದು ಬೆಳಿಗ್ಗೆ ಪೂರ್ಣಗೊಂಡಿದೆ ಎಂದು ಆಫೀಸಿನಿಂದ ತಿಳಿಸಿದ್ದಾರೆ. ಕೋಣೆಯ ಸಾಮಾನುಗಳನ್ನು ಜಲಜಾಕ್ಷಿ ನಮ್ಮ ಬಡಾವಣೆಯ ವಾಟ್ಸ್ಆಪ್ ಗುಂಪಿನಲ್ಲಿ ಫೋಟೊ ಸಮೇತ ಹಾಕಿದ್ದಾಳೆ. ಒಂದು ಮಂಚ, ಮಿಕ್ಸಿ, ಎರಡು ಪ್ಲಾಸ್ಟಿಕ್ ಕುರ್ಚಿ, ತುಂಬಿದ ಗ್ಯಾಸ್ ಸಿಲಿಂಡರ್ ಒಂದು. "ಬೇಕಾದವರು ತೆಗೆದುಕೊಂಡು ಹೋಗಬಹುದು" ಎಂದು ಕೆಳಗೆ ಬರೆದಿದ್ದಾಳೆ. ನಿಸರ್ಗ ಅದನ್ನು ನನಗೆ ತೋರಿಸಿ ತನ್ನ ಕೋಣೆಗೆ ಹೋದಳು. ಈಚೆಗೆ ಊಟವನ್ನೂ ಅವಳು ಅಲ್ಲಿಯೇ ಮಾಡುತ್ತಾಳೆ. ಪರೀಕ್ಷೆಯ ಒತ್ತಡ ಇರಬೇಕು.

ಸಂಜೆ ಮಸೂದ್ ಕರೆದು ಒಂದು ಕಾಗದ ಕೊಟ್ಟರು. ಹೀಗೆ ಹೋಗುವ ನೌಕರರ ಜೊತೆ ಕಂಪನಿಯಿಂದ ಒಬ್ಬರು ವಿಮಾನ ನಿಲ್ದಾಣಕ್ಕೆ ಹೋಗಿ, ಅವರು ಒಳಗೆ ಹೋದದ್ದನ್ನು ನೋಡಿ ಸಹಿ ಹಾಕಬೇಕು. ಬೇರೆ ಯಾರನ್ನಾದರೂ ಕಳಿಸಬಹುದೇ ಎಂದು ಕೇಳಿದೆ.

"ಅವನೇ ನಿಮ್ಮ ಹೆಸರು ಹೇಳಿದ" ಎಂದರು ಮಸೂದ್. "ಹೆಂಡತಿಗೆ ಸಮಾಧಾನ ಆಗುತ್ತಂತೆ."

ವಿಮಾನ ಭಾನುವಾರ ಸಂಜೆ ಆರು ಇಪ್ಪತ್ತಕ್ಕೆ, ಮಂಗಳೂರಿಗೆ. ಕಂಪನಿಯ ವ್ಯಾನ್ ಮಧ್ಯಾಹ್ನ ಎರಡೂವರೆಗೆ ಅವರ ಕಟ್ಟಡದ ಮುಂದೆ ಬರುತ್ತದೆ. ನಾನು ಎರಡೂಕಾಲಿಗೆ ಅಲ್ಲಿರಬೇಕು.